ಹಾಕಿ ತಂಡದ ಹಿಸಾಬ್: ಟೊರಾಂಟೊದವರು ಅಂಕಿ-ಅಂಶವನ್ನು ನಿಜವಾಗಿಯೂ ನಂಬಿದರೇ?

ನಮ್ಮ ಖಾಲಾ ಅವರ ಮಗ ಕೆಲವು ವರ್ಷಗಳಿಂದ ಕೆನಡಾದ ಟೊರಾಂಟೊ ಪಕ್ಕದ ಮಿಸಿಸಾಗಾ ಊರಿನಲ್ಲಿದ್ದಾರೆ. ನಾನು ಅವರನ್ನು ಭಾಯಿಜಾನ್ ಎಂದು ಕರೆಯುತ್ತೇನೆ. ಇಲ್ಲಿದ್ದಾಗ ಕ್ರಿಕೆಟ್ ಬಿಟ್ಟು ಬೇರೆ ಮಾತಿರಲಿಲ್ಲ. ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲೇ ಹಾಕಿಯ ಹುಚ್ಚು ಹಿಡಿಸಿಕೊಂಡರು. 2025ರ ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅವರ ವಿಡಿಯೋ ಕಾಲ್ ಬಂತು. ಅಲ್ಲಿ ಆಗಿನ್ನೂ ಭಾನುವಾರ ರಾತ್ರಿ. ಮುಖ ನೋಡಿ ಅಮ್ಮಿ ಗಾಬರಿಯಾದರು. ವಿಷಯ ಇಷ್ಟೇ: ಅವರ ತಂಡ ಟೊರಾಂಟೊ ಮೇಪಲ್ ಲೀಫ್ಸ್ ಸರಣಿಯ ಏಳನೇ ಪಂದ್ಯದಲ್ಲಿ, ಸ್ವಂತ ಮೈದಾನದಲ್ಲೇ, ಫ್ಲೋರಿಡಾ ಪ್ಯಾಂಥರ್ಸ್ ಎದುರು 6–1ರಿಂದ ಸೋತಿತ್ತು.

"ಇಷ್ಟು ದುಡ್ಡಿರುವ ತಂಡ ಯಾಕೆ ಯಾವಾಗಲೂ ಸೋಲುತ್ತದೆ? ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವವರು ಇಲ್ಲವೇ?" ಎಂದು ನಾನು ಸುಮ್ಮನೆ ಕೇಳಿದೆ. "ಬೇಕಾದಷ್ಟು ಇದ್ದಾರೆ, ಅದೇ ತಮಾಷೆ" ಎಂದರು. ಆ ಮಾತು ತಲೆಯಲ್ಲಿ ಉಳಿಯಿತು. ಸಂಖ್ಯಾಶಾಸ್ತ್ರವನ್ನು ಒಂದು ವಿಷಯವಾಗಿ ಓದುತ್ತಿರುವ ನನಗೆ, ಒಂದು ತಂಡ ಅಂಕಿ-ಅಂಶವನ್ನು ಗಂಭೀರವಾಗಿ ತೆಗೆದುಕೊಂಡಿದೆಯೋ ಇಲ್ಲವೋ ಎಂದು ಹೊರಗಿನಿಂದ ಹೇಗೆ ತಿಳಿಯುವುದು ಎಂಬ ಪ್ರಶ್ನೆ ಹುಟ್ಟಿತು. ಈ ಲೇಖನ ಅದರ ಬಗ್ಗೆ.

ಮೊದಲೇ ಒಂದು ಮಾತು. ಹಾಕಿ ಎಂದಕೂಡಲೇ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಕೊಡಗು, ಅಲ್ಲಿನ ಕುಟುಂಬಗಳ ನಡುವೆ 1997ರಿಂದ ನಡೆಯುತ್ತಿರುವ ಹಾಕಿ ಉತ್ಸವ. ಇದು ಆ ಹಾಕಿ ಅಲ್ಲ, ಐಸ್ ಹಾಕಿ. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳ. ಚೆಂಡಿನ ಬದಲು ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ. ಒಂದು ಕಡೆಗೆ ಐವರು ಆಟಗಾರರು ಮತ್ತು ಒಬ್ಬ ಗೋಲಿ. 20 ನಿಮಿಷದ ಮೂರು ಅವಧಿಗಳು. ಅಮೆರಿಕ ಮತ್ತು ಕೆನಡಾದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಈಗ 32 ತಂಡಗಳಿವೆ. ಮೇಪಲ್ ಲೀಫ್ಸ್ ಅದರ ಅತ್ಯಂತ ಶ್ರೀಮಂತ ತಂಡಗಳಲ್ಲಿ ಒಂದು. ಆದರೆ ಕೊನೆಯ ಬಾರಿ ಸ್ಟಾನ್ಲಿ ಕಪ್ ಗೆದ್ದದ್ದು 1967ರಲ್ಲಿ. ಆಗ ನಮ್ಮ ದಾದಾ ಅವರಿಗೆ ಮದುವೆ ಕೂಡ ಆಗಿರಲಿಲ್ಲ.

ಈ ಆಟದಲ್ಲಿ ಲೆಕ್ಕ ಯಾಕೆ ಕಷ್ಟ ಎಂದರೆ, ಗೋಲುಗಳು ಬಹಳ ಕಡಿಮೆ. ಕ್ರಿಕೆಟ್‌ನಲ್ಲಿ ಪ್ರತಿ ಚೆಂಡಿಗೂ ಒಂದು ಅಂಕಿ ಸಿಗುತ್ತದೆ. ಇಲ್ಲಿ ಒಂದು ತಂಡ ಪಂದ್ಯಕ್ಕೆ ಸುಮಾರು 30 ಬಾರಿ ಗೋಲಿಗೆ ಸರಿಯಾಗಿ ಹೊಡೆದರೆ, ಅದರಲ್ಲಿ ಮೂರು ಒಳಗೆ ಹೋಗುತ್ತವೆ. ಪಕ್ ಯಾರದೋ ಕಾಲಿಗೆ ತಗುಲಿ ದಿಕ್ಕು ಬದಲಿಸಿದರೂ ಪಂದ್ಯದ ಫಲಿತಾಂಶ ಬದಲಾಗುತ್ತದೆ. ಹೀಗಾಗಿ ಗೋಲುಗಳನ್ನು ಮಾತ್ರ ಎಣಿಸಿದರೆ ತಂಡ ಒಳ್ಳೆಯದೋ ಅದೃಷ್ಟದ್ದೋ ಎಂದು ಹೇಳುವುದು ಕಷ್ಟ. ನಮ್ಮ ಅಬ್ಬಾ ಅವರದು ಕಿರಾಣಿ ಅಂಗಡಿ. ಒಂದು ರಂಜಾನ್‌ನಲ್ಲಿ ಖರ್ಜೂರದ ಡಬ್ಬಗಳೆಲ್ಲ ಇಪ್ಪತ್ತೇ ದಿನದಲ್ಲಿ ಖಾಲಿಯಾದವು. ನಮಗೆಲ್ಲ ಬಹಳ ಖುಷಿ. ಮುಂದಿನ ವರ್ಷ ಅಷ್ಟೇ ತರಿಸಿದರು, ಅರ್ಧ ಉಳಿಯಿತು. ಮೊದಲ ವರ್ಷ ಹತ್ತಿರದ ಇನ್ನೊಂದು ಅಂಗಡಿಗೆ ಮಾಲು ತಡವಾಗಿ ಬಂದಿತ್ತಂತೆ. ನಮ್ಮ ಜಾಣತನ ಎಂದುಕೊಂಡದ್ದು ಅವರ ಲಾರಿಯ ತಡ.

ಗೋಲು ಕಡಿಮೆ ಇದ್ದರೆ ಗೋಲಿಗಿಂತ ಹೆಚ್ಚು ಬಾರಿ ನಡೆಯುವುದನ್ನು ಎಣಿಸಬೇಕು. ಐಸ್ ಹಾಕಿಯ ಲೆಕ್ಕಗಾರರು ಮಾಡಿದ್ದು ಅದನ್ನೇ. ಗೋಲಿನೊಳಗೆ ಹೋದದ್ದು, ಗೋಲಿ ತಡೆದದ್ದು, ಪಕ್ಕಕ್ಕೆ ಹೋದದ್ದು, ಎದುರಾಳಿ ಮೈಯೊಡ್ಡಿ ನಿಲ್ಲಿಸಿದ್ದು, ಹೀಗೆ ಹೊಡೆಯುವ ಪ್ರಯತ್ನಗಳನ್ನೆಲ್ಲ ಎಣಿಸಿದರು. ಎರಡೂ ಕಡೆಯ ಒಟ್ಟು ಪ್ರಯತ್ನಗಳಲ್ಲಿ ನಮ್ಮ ಪಾಲು ಎಷ್ಟು ಶೇಕಡಾ? ಇದಕ್ಕೆ ಕಾರ್ಸಿ ಎಂದು ಹೆಸರು. ಒಬ್ಬ ಆಟಗಾರ ಅಂಗಳದಲ್ಲಿದ್ದಾಗ ಅವನ ತಂಡ 18 ಬಾರಿ, ಎದುರಾಳಿ 12 ಬಾರಿ ಹೊಡೆದರೆ, 30ರಲ್ಲಿ 18, ಅಂದರೆ ಶೇ. 60. ಐವತ್ತಕ್ಕಿಂತ ಮೇಲಿದ್ದರೆ ಪಕ್ ಹೆಚ್ಚು ಹೊತ್ತು ಎದುರಾಳಿಯ ಗೋಲಿನ ಬಳಿಯೇ ಇತ್ತು ಎಂದು ಅರ್ಥ. ಇಷ್ಟೇ. ಎಂಟನೇ ಕ್ಲಾಸಿನ ಲೆಕ್ಕ.

ಹೆಸರಿನ ಕಥೆ ಚೆನ್ನಾಗಿದೆ. ಜಿಮ್ ಕಾರ್ಸಿ ಎಂಬವರು ಬಫಲೋ ಸೇಬರ್ಸ್ ತಂಡದ ಗೋಲಿಗಳಿಗೆ ಕೋಚ್ ಆಗಿದ್ದರು. ತನ್ನ ಗೋಲಿ ಎಷ್ಟು ದಣಿದಿದ್ದಾನೆ ಎಂದು ತಿಳಿಯಲು ಅವರು ಎಲ್ಲ ಹೊಡೆತಗಳನ್ನೂ ಎಣಿಸುತ್ತಿದ್ದರು. ಚಿಕಾಗೋದಲ್ಲಿ ಹಣಕಾಸು ವಿಶ್ಲೇಷಕರಾಗಿದ್ದ ಟಿಮ್ ಬಾರ್ನ್ಸ್, ವಿಕ್ ಫೆರಾರಿ ಎಂಬ ಹೆಸರಿನಲ್ಲಿ ಹಾಕಿ ಬಗ್ಗೆ ಬರೆಯುತ್ತಿದ್ದವರು, ಈ ಎಣಿಕೆಯನ್ನು ತಂಡ ಅಳೆಯಲು ಬಳಸಿದರು. ಅದಕ್ಕೊಂದು ಹೆಸರು ಬೇಕಾದಾಗ ಕಾರ್ಸಿ ಅವರ ಫೋಟೋ ನೋಡಿ, ಅವರ ಮೀಸೆ ಇಷ್ಟವಾಗಿ, ಆ ಹೆಸರನ್ನೇ ಇಟ್ಟರು. ನಮ್ಮ ಪುಸ್ತಕದಲ್ಲಿರುವ ಸೂತ್ರಗಳ ಹೆಸರಿನ ಹಿಂದೆಯೂ ಇಂಥ ಕಥೆಗಳಿದ್ದರೆ ನೆನಪಿಡುವುದು ಸುಲಭವಾಗುತ್ತಿತ್ತು.

ಇನ್ನೊಂದು ಅಂಕಿ ಪಿಡಿಒ. ನಮ್ಮ ಹೊಡೆತಗಳಲ್ಲಿ ಶೇಕಡಾ ಎಷ್ಟು ಗೋಲಾದವು, ಎದುರಾಳಿಯ ಹೊಡೆತಗಳಲ್ಲಿ ಶೇಕಡಾ ಎಷ್ಟನ್ನು ನಮ್ಮ ಗೋಲಿ ತಡೆದ, ಇವೆರಡನ್ನು ಕೂಡಿಸುವುದು. ಇಡೀ ಲೀಗಿಗೆ ಸೇರಿಸಿ ಇದು 100 ಆಗಲೇಬೇಕು, ಯಾಕೆಂದರೆ ಒಬ್ಬರ ಗೋಲು ಇನ್ನೊಬ್ಬರ ತಪ್ಪಿದ ತಡೆ. ಒಂದು ತಂಡದ್ದು 103 ಇದ್ದರೆ ಅದು ಬಹಳ ದಿನ ಹಾಗೇ ಇರುವುದಿಲ್ಲ, 100ರ ಕಡೆಗೆ ಇಳಿಯುತ್ತದೆ. ಅಂದರೆ ಮೇಲಿನ ಮೂರು ಬಹುಪಾಲು ಅದೃಷ್ಟ. 2011ರ ಡಿಸೆಂಬರ್‌ನಲ್ಲಿ ಮಿನೆಸೋಟ ವೈಲ್ಡ್ ತಂಡ ಇಡೀ ಲೀಗಿನಲ್ಲೇ ಮೊದಲ ಸ್ಥಾನದಲ್ಲಿತ್ತು. ಹೊಡೆತಗಳ ಪಾಲು ಕಡಿಮೆ ಇತ್ತು. ಲೆಕ್ಕಗಾರರು ಇದು ನಿಲ್ಲುವುದಿಲ್ಲ ಎಂದರು, ಜನ ನಕ್ಕರು. ಆ ತಂಡ ಪ್ಲೇಆಫ್‌ಗೂ ಹೋಗಲಿಲ್ಲ. ಅದೇ ವರ್ಷ ತನ್ನ ವಿಭಾಗದಲ್ಲಿ ಎಂಟನೆಯದಾಗಿ, ಕೊನೆಯ ಜಾಗ ಹಿಡಿದು ಒಳಗೆ ಬಂದ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಹೊಡೆತಗಳ ಪಾಲು ಚೆನ್ನಾಗಿತ್ತು. ಕಪ್ ಗೆದ್ದದ್ದು ಅವರೇ.

ಈಗ ಟೊರಾಂಟೊಗೆ ಬರೋಣ. 2013ರ ಮೇ 13. ಬಾಸ್ಟನ್ ಎದುರು ಏಳನೇ ಪಂದ್ಯ. ಕೊನೆಯ ಅವಧಿಯಲ್ಲಿ ಟೊರಾಂಟೊ 4–1 ಮುಂದಿತ್ತು. ಅಲ್ಲಿಂದ ಸಮ ಮಾಡಿಕೊಟ್ಟು, ಹೆಚ್ಚುವರಿ ಸಮಯದಲ್ಲಿ 5–4ರಿಂದ ಸೋತಿತು. ಭಾಯಿಜಾನ್ ಆಗ ಅಲ್ಲಿರಲಿಲ್ಲ, ಆದರೂ ಆ ಪಂದ್ಯವನ್ನು ತಾವೇ ನೋಡಿದವರಂತೆ ಹೇಳುತ್ತಾರೆ. ಆಡಳಿತದವರು ಯೋಚಿಸಿದ್ದು: ತಂಡ ಬಹುತೇಕ ಸರಿಯಿದೆ, ಸ್ವಲ್ಪ ಗಟ್ಟಿ ಆಟಗಾರರು ಬೇಕು. ಅಂಕಿಗಳು ಹೇಳುತ್ತಿದ್ದದ್ದು ಬೇರೆ. ಆ ಋತುವಿನಲ್ಲಿ ಟೊರಾಂಟೊದ ಹೊಡೆತಗಳ ಪಾಲು ಐವತ್ತಕ್ಕಿಂತ ಬಹಳ ಕೆಳಗಿತ್ತು, ಗೋಲಾಗುವ ಪ್ರಮಾಣ ಮಾತ್ರ ಅಸಹಜವಾಗಿ ಮೇಲಿತ್ತು.

ಆ ಜುಲೈನಲ್ಲಿ ತಂಡ ಎರಡು ಕೆಲಸ ಮಾಡಿತು. ಪಕ್ ಹಿಡಿದಿಡುವುದರಲ್ಲಿ ಒಳ್ಳೆಯ ಅಂಕಿಗಳಿದ್ದ ಮಿಖಾಯಿಲ್ ಗ್ರಬೋವ್‌ಸ್ಕಿ ಅವರ ಒಪ್ಪಂದವನ್ನು ಪರಿಹಾರ ಕೊಟ್ಟು ಮುರಿಯಿತು. ಡೇವಿಡ್ ಕ್ಲಾರ್ಕ್‌ಸನ್ ಎಂಬ 29 ವರ್ಷದ ಆಟಗಾರನಿಗೆ ಏಳು ವರ್ಷಕ್ಕೆ 3.675 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಕ್ಲಾರ್ಕ್‌ಸನ್ ಟೊರಾಂಟೊದ ಹುಡುಗ, ಜಗಳಕ್ಕೂ ಸಿದ್ಧ, ಒಂದು ವರ್ಷ 30 ಗೋಲು ಹೊಡೆದಿದ್ದ. ಜನಕ್ಕೆ ಬಹಳ ಇಷ್ಟ. ಅಂಕಿ ನೋಡುವವರು ಮಾತ್ರ ಆ 30 ಗೋಲಿನ ವರ್ಷ ಬಿಟ್ಟರೆ ಉಳಿದ ವರ್ಷಗಳು ಹೇಗಿವೆ ನೋಡಿ ಎಂದರು. ಮುಂದಿನ ಋತುವಿನಲ್ಲಿ ಅವರು 60 ಪಂದ್ಯ ಆಡಿ 5 ಗೋಲು ಹೊಡೆದರು.

ಲೇಖನದ ಪ್ರಶ್ನೆಗೆ ನೇರವಾಗಿ ತಾಗುವ ಸಂಗತಿ ಅದೇ ವರ್ಷದ ನವೆಂಬರ್‌ನಲ್ಲಿ ಬಂತು. ಆಗಿನ ಜನರಲ್ ಮ್ಯಾನೇಜರ್ ಡೇವ್ ನೋನಿಸ್ ಒಂದು ಸಮಾವೇಶದಲ್ಲಿ, ಅಂಕಿ-ಅಂಶ ವಿಶ್ಲೇಷಣೆಗೆಂದು ತಮ್ಮ ಬಜೆಟ್‌ನಲ್ಲಿ ವರ್ಷಗಳಿಂದ ಹಣ ಇಡಲಾಗುತ್ತಿದೆ, ಆದರೆ ಕೆಲಸಕ್ಕೆ ಬರುವ ವ್ಯವಸ್ಥೆ ಯಾವುದೂ ಸಿಗದ ಕಾರಣ ಅದು ಖರ್ಚಾಗಿಲ್ಲ ಎಂಬ ಅರ್ಥದ ಮಾತು ಹೇಳಿದರು. ಲೆಕ್ಕಶಾಸ್ತ್ರ ಓದುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಜೆಟ್‌ನಲ್ಲಿ ತಲೆಬರಹ ಇದೆ, ಮೊತ್ತ ಇದೆ, ಖರ್ಚಿನ ಕಾಲಂನಲ್ಲಿ ಸೊನ್ನೆ.

2013–14ರ ಋತು ಆರಂಭವಾಯಿತು. ತಂಡ ಗೆಲ್ಲುತ್ತಿತ್ತು. ಆದರೆ ಪಂದ್ಯಕ್ಕೆ ಸರಾಸರಿ ಸುಮಾರು 36 ಹೊಡೆತಗಳನ್ನು ಎದುರಿಸುತ್ತಿತ್ತು, ಲೀಗಿನಲ್ಲೇ ಅತಿ ಹೆಚ್ಚು. ಕಾರ್ಸಿ ಸುಮಾರು 43, ಲೀಗಿನ ತಳ. ಗೆಲ್ಲಿಸುತ್ತಿದ್ದದ್ದು ಗೋಲಿ ಜೊನಾಥನ್ ಬರ್ನಿಯರ್. ಕೋಚ್ ರ‍್ಯಾಂಡಿ ಕಾರ್ಲೈಲ್ ಅವರನ್ನು ಪತ್ರಕರ್ತರು ಇದರ ಬಗ್ಗೆ ಮತ್ತೆ ಮತ್ತೆ ಕೇಳುತ್ತಿದ್ದರು. ಗೆಲ್ಲುತ್ತಿರುವ ತಂಡಕ್ಕೆ ಸೋಲಿನ ಪ್ರಶ್ನೆ ಕೇಳಿದರೆ ಯಾರಿಗೆ ಇಷ್ಟವಾಗುತ್ತದೆ? ಮಾರ್ಚ್ ಮಧ್ಯದ ಹೊತ್ತಿಗೆ 68 ಪಂದ್ಯಗಳಲ್ಲಿ 80 ಅಂಕ ಇತ್ತು. ಪ್ಲೇಆಫ್ ಖಚಿತ ಎಂದು ಎಲ್ಲರೂ ಅಂದುಕೊಂಡರು. ಬರ್ನಿಯರ್‌ಗೆ ಗಾಯವಾಯಿತು. ಉಳಿದ 14 ಪಂದ್ಯಗಳಲ್ಲಿ 12 ಸೋತು, ಗಳಿಸಿದ್ದು 4 ಅಂಕ. ಒಟ್ಟು 84. ಪ್ಲೇಆಫ್ ಇಲ್ಲ.

ಇಲ್ಲಿ ನಾನು ನ್ಯಾಯವಾಗಿ ಎರಡು ಮಾತು ಇನ್ನೊಂದು ಪಕ್ಷದ ಕಡೆಯಿಂದಲೂ ಹೇಳಬೇಕು. ಕಾರ್ಸಿ ಅಂದರೆ ಎಲ್ಲವೂ ಅಲ್ಲ. ಮುಂದಿರುವ ತಂಡ ಹಿಂದೆ ಸರಿದು ರಕ್ಷಣೆಗೆ ನಿಲ್ಲುತ್ತದೆ, ಹಿಂದಿರುವ ತಂಡ ಸಿಕ್ಕಲ್ಲಿಂದ ಹೊಡೆಯುತ್ತದೆ. ಆಗ ಸೋಲುತ್ತಿರುವವರ ಅಂಕಿಯೇ ಚೆನ್ನಾಗಿ ಕಾಣುತ್ತದೆ. ಇದನ್ನು ಸರಿಹೊಂದಿಸಿ ಲೆಕ್ಕ ಹಾಕಬೇಕು. ಎರಡನೆಯದು, ಎಲ್ಲ ಹೊಡೆತ ಒಂದೇ ಅಲ್ಲ. ದೂರದ ಮೂಲೆಯಿಂದ ಹೊಡೆದದ್ದೂ, ಗೋಲಿಯ ಮೂಗಿನ ಮುಂದಿನಿಂದ ಹೊಡೆದದ್ದೂ ಕಾರ್ಸಿಯಲ್ಲಿ ಒಂದೊಂದೇ. ಅದಕ್ಕಾಗಿ ಈಗ ನಿರೀಕ್ಷಿತ ಗೋಲು ಎಂಬ ಲೆಕ್ಕ ಇದೆ. ಎಷ್ಟು ದೂರ, ಯಾವ ಕೋನ, ಎಂಥ ಹೊಡೆತ ಎಂದು ನೋಡಿ, ಹಿಂದೆ ಅಂಥವು ಎಷ್ಟು ಬಾರಿ ಗೋಲಾಗಿವೆಯೋ ಆ ಸಂಭವನೀಯತೆಯನ್ನು ಪ್ರತಿ ಹೊಡೆತಕ್ಕೂ ಕೊಟ್ಟು ಕೂಡಿಸುತ್ತಾರೆ. ನಮ್ಮ ಸಂಭವನೀಯತೆ ಪಾಠದಲ್ಲಿ ಚೀಲದೊಳಗಿನ ಕೆಂಪು, ನೀಲಿ ಚೆಂಡುಗಳನ್ನು ತೆಗೆದು ತೆಗೆದು ಬೇಸರವಾದವರಿಗೆ ಹೇಳುತ್ತೇನೆ, ಕೊನೆಗೆ ಅದು ಬರುವುದು ಇಲ್ಲಿಗೆ.

ಮೂರನೆಯದು ನಮ್ಮ ಅಂಗಡಿಯಲ್ಲೇ ಕಲಿತದ್ದು. ಮೂರು ವರ್ಷದ ಹಿಂದೆ ಅಬ್ಬಾ ಬಿಲ್ಲಿಂಗ್ ಕಂಪ್ಯೂಟರ್ ಹಾಕಿಸಿದರು. ಅದರಲ್ಲಿ ಯಾವ ಮಾಲು ಓಡುತ್ತಿಲ್ಲ ಎಂಬ ವರದಿ ಬರುತ್ತದೆ. ಯಾರೂ ಅದನ್ನು ತೆರೆದಿರಲಿಲ್ಲ. ಫಸ್ಟ್ ಪಿಯುಸಿ ರಜೆಯಲ್ಲಿ ನಾನು ತೆಗೆದು ನೋಡಿದೆ. ಒಂದು ಕಂಪನಿಯ ಬಿಸ್ಕತ್ತು ಎರಡು ಸಾಲು ಜಾಗ ಹಿಡಿದಿತ್ತು, ತಿಂಗಳಿಗೆ ನಾಲ್ಕೈದು ಪ್ಯಾಕೆಟ್ ಹೋಗುತ್ತಿತ್ತು. ದೊಡ್ಡ ಪತ್ತೆದಾರಳಂತೆ ಹೋಗಿ ತೋರಿಸಿದೆ. ಅಬ್ಬಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ, "ಆ ಏಜೆನ್ಸಿಯವರು ಲಾಕ್‌ಡೌನ್‌ನಲ್ಲಿ ಎರಡು ತಿಂಗಳು ಎಣ್ಣೆ, ಸಕ್ಕರೆ ಸಾಲ ಕೊಟ್ಟಿದ್ದಾರೆ ಬೇಟಾ, ಅದು ಈ ಕಾಗದದಲ್ಲಿ ಎಲ್ಲಿದೆ?" ಎಂದರು. ಇರಲಿಲ್ಲ. ಆದರೆ ಅದೇ ಕಾಗದದ ಮೇಲಿದ್ದ ಇನ್ನೂ ಒಂಬತ್ತು ಮಾಲುಗಳಿಗೆ ಅವರ ಬಳಿಯೂ ಉತ್ತರ ಇರಲಿಲ್ಲ. ಅವುಗಳಲ್ಲಿ ಆರನ್ನು ನಿಲ್ಲಿಸಿದರು.

ಇದರಿಂದ ನನಗೊಂದು ಅಳತೆಗೋಲು ಸಿಕ್ಕಿತು. ಕಂಪ್ಯೂಟರ್ ಇದೆಯೋ ಇಲ್ಲವೋ ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ಅಂಕಿಯನ್ನು ನೋಡಿದ ಮೇಲೆ ಯಜಮಾನರ ತೀರ್ಮಾನ ಒಮ್ಮೆಯಾದರೂ ಬದಲಾಯಿತೇ ಎಂದು ಕೇಳಬೇಕು. ಅಂಕಿಗೆ ವಿರುದ್ಧವಾಗಿ ಹೋದರೆ ಕಾರಣ ಕೊಟ್ಟರೇ ಎಂದೂ ಕೇಳಬೇಕು.

ಆ ಅಳತೆಯಿಂದ ನೋಡಿದರೆ 2014ರ ಬೇಸಿಗೆ ಮುಖ್ಯ. ಏಪ್ರಿಲ್‌ನಲ್ಲಿ ತಂಡದ ಅಧ್ಯಕ್ಷರಾಗಿ ಬಂದ ಬ್ರೆಂಡನ್ ಶಾನಹನ್ ಜುಲೈನಲ್ಲಿ ಇಬ್ಬರು ಹಿರಿಯ ಅಧಿಕಾರಿಗಳನ್ನು ಕಳಿಸಿ, 28 ವರ್ಷದ ಕೈಲ್ ಡೂಬಸ್ ಅವರನ್ನು ಸಹಾಯಕ ಜನರಲ್ ಮ್ಯಾನೇಜರ್ ಮಾಡಿದರು. ಡೂಬಸ್ ಅದಕ್ಕೆ ಮುಂಚೆ ಸೂ ಸೇಂಟ್ ಮರಿ ಊರಿನ ಕಿರಿಯರ ತಂಡವನ್ನು ಅಂಕಿಗಳ ಸಹಾಯದಿಂದ ನಡೆಸಿದ್ದವರು. ಆಗಸ್ಟ್‌ನಲ್ಲಿ ಮೂವರನ್ನು ಸೇರಿಸಿಕೊಂಡರು: ಹಾಕಿ ಅಂಕಿಗಳ ಜಾಲತಾಣ ಎಕ್ಸ್‌ಟ್ರಾ ಸ್ಕೇಟರ್ ನಡೆಸುತ್ತಿದ್ದ ಡ್ಯಾರಿಲ್ ಮೆಟ್‌ಕಾಫ್, ಬರಹಗಾರ ಕ್ಯಾಮ್ ಶಾರನ್, ಸಂಖ್ಯಾಶಾಸ್ತ್ರದ ರಾಬ್ ಪೆಟ್ಟಪೀಸ್. ಇವರು ನಿನ್ನೆಯವರೆಗೆ ಈ ತಂಡವನ್ನೇ ಹೊರಗೆ ನಿಂತು ಟೀಕಿಸುತ್ತಿದ್ದ ಗುಂಪಿನವರು. ಟೀಕಿಸಿದವರನ್ನು ಒಳಗೆ ಕರೆದು ಸಂಬಳ ಕೊಡುವುದು ಸಣ್ಣ ಮಾತಲ್ಲ. ಅವರು ಸೇರಿದ ಮೇಲೆ ಎಕ್ಸ್‌ಟ್ರಾ ಸ್ಕೇಟರ್ ಮುಚ್ಚಿತು. ಸಾರ್ವಜನಿಕರಿಗೆ ಪುಕ್ಕಟೆ ಸಿಗುತ್ತಿದ್ದ ಲೆಕ್ಕ ಒಂದು ತಂಡದ ಆಸ್ತಿಯಾಯಿತು. ಅಭಿಮಾನಿಗಳಿಗೆ ಬೇಸರವಾಗಿರಬಹುದು, ಆದರೆ ಆ ಲೆಕ್ಕಕ್ಕೆ ಬೆಲೆಯಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

2015ರ ಜನವರಿಯಲ್ಲಿ ಕೋಚ್ ಕಾರ್ಲೈಲ್ ಹೋದರು, ಏಪ್ರಿಲ್‌ನಲ್ಲಿ ನೋನಿಸ್ ಹೋದರು. ಇವೆರಡರ ಮಧ್ಯೆ, ಫೆಬ್ರುವರಿ 26ರಂದು, ಒಂದು ವ್ಯವಹಾರ ನಡೆಯಿತು. ಕಾಮರ್ಸ್ ವಿದ್ಯಾರ್ಥಿಗಳು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದದ್ದು ಇದೇ.

ಎನ್‌ಎಚ್‌ಎಲ್‌ನಲ್ಲಿ 2005ರಿಂದ ಸಂಬಳದ ಮಿತಿ ಇದೆ. ಅದಕ್ಕಾಗಿ ನಡೆದ ಜಗಳದಲ್ಲಿ 2004–05ರ ಇಡೀ ಋತುವೇ ರದ್ದಾಗಿತ್ತು. ಎಷ್ಟೇ ಶ್ರೀಮಂತ ತಂಡವಾದರೂ ಆಟಗಾರರ ಸಂಬಳದ ಮೊತ್ತ ಆ ಮಿತಿ ದಾಟುವಂತಿಲ್ಲ. ಮೊದಲ ವರ್ಷ 3.9 ಕೋಟಿ ಡಾಲರ್, 2013–14ರಲ್ಲಿ 6.43 ಕೋಟಿ. ಹಾಗಾಗಿ ಪ್ರತಿ ತಂಡಕ್ಕೂ ಎರಡು ಚೀಲ: ಒಂದು ನಗದಿನದು, ಇನ್ನೊಂದು ಮಿತಿಯದು. ಟೊರಾಂಟೊಗೆ ಮೊದಲನೆಯದು ಯಾವಾಗಲೂ ತುಂಬಿರುತ್ತದೆ. ಎರಡನೆಯದು ಎಲ್ಲರಿಗೂ ಒಂದೇ ಅಳತೆ. ಕ್ಲಾರ್ಕ್‌ಸನ್ ಆ ಎರಡನೇ ಚೀಲದಿಂದ ವರ್ಷಕ್ಕೆ 52.5 ಲಕ್ಷ ಡಾಲರ್ ತಿನ್ನುತ್ತಿದ್ದರು, ಇನ್ನೂ ಐದು ವರ್ಷ ಬಾಕಿ.

ಕೊಲಂಬಸ್ ತಂಡಕ್ಕೆ ಬೇರೆ ಕಷ್ಟ. ಅವರು 2013ರಲ್ಲಿ ನೇಥನ್ ಹಾರ್ಟನ್ ಎಂಬ ಆಟಗಾರನಿಗೆ ಏಳು ವರ್ಷಕ್ಕೆ 3.71 ಕೋಟಿ ಡಾಲರ್ ಒಪ್ಪಂದ ಕೊಟ್ಟಿದ್ದರು. ಬೆನ್ನುಮೂಳೆಯ ಕಾಯಿಲೆಯಿಂದ ಅವರು ಮತ್ತೆ ಆಡುವಂತಿರಲಿಲ್ಲ. ಒಪ್ಪಂದಕ್ಕೆ ವಿಮೆ ಇರಲಿಲ್ಲ. ಆಡದ ಆಟಗಾರನಿಗೆ ವರ್ಷ ವರ್ಷ ಜೇಬಿನಿಂದ ಕೊಡಬೇಕು. ಸಣ್ಣ ಊರಿನ ತಂಡ, ನಗದಿನ ಚೀಲ ಚಿಕ್ಕದು. ಆಗಿನ ನಿಯಮ ಏನೆಂದರೆ, ದೀರ್ಘಕಾಲ ಗಾಯಗೊಂಡ ಆಟಗಾರನ ಸಂಬಳದಷ್ಟು ಮಿತಿ ಮೀರಲು ತಂಡಕ್ಕೆ ಅವಕಾಶವಿತ್ತು. ಟೊರಾಂಟೊ ಕ್ಲಾರ್ಕ್‌ಸನ್‌ರನ್ನು ಕೊಟ್ಟು ಹಾರ್ಟನ್‌ರನ್ನು ತೆಗೆದುಕೊಂಡಿತು. ಕೊಲಂಬಸ್‌ಗೆ ಅದೇ ದುಡ್ಡಿಗೆ ಆಡಬಲ್ಲ ಒಬ್ಬ ಆಟಗಾರ ಸಿಕ್ಕಿದ. ಟೊರಾಂಟೊ ಎಂದೂ ಆಡದವನಿಗೆ ನಗದು ಕೊಟ್ಟು, ಮಿತಿಯ ಚೀಲದಲ್ಲಿ ಜಾಗ ಕೊಂಡುಕೊಂಡಿತು. ಎರಡೂ ಕಡೆಗೆ ಲಾಭ. ನಗದು ಬೇರೆ, ಲಾಭ ಬೇರೆ ಎಂದು ನಮ್ಮ ಲೆಕ್ಕಶಾಸ್ತ್ರದ ಸರ್ ನಗದು ಹರಿವಿನ ಪಟ್ಟಿ ಮಾಡಿಸುವಾಗ ಹತ್ತು ಸಲ ಹೇಳಿದ್ದರು. ನನಗೆ ಅರ್ಥವಾದದ್ದು ಈ ಹಾರ್ಟನ್ ವ್ಯವಹಾರ ಓದಿದ ಮೇಲೆ. ಒಬ್ಬ ಮನುಷ್ಯನ ಮುರಿದ ಬೆನ್ನು ಹೀಗೆ ಕಾಗದದ ಮೇಲೆ ಅನುಕೂಲವಾಗಿ ಕಾಣುವುದು ಮಾತ್ರ ಓದುವಾಗ ಒಂಥರಾ ಅನಿಸಿತು. ಹಾರ್ಟನ್ ಟೊರಾಂಟೊಗಾಗಿ ಒಂದು ಪಂದ್ಯವನ್ನೂ ಆಡಲಿಲ್ಲ.

2015–16ರಲ್ಲಿ ತಂಡ ಕೊನೆಯ ಸ್ಥಾನ ಪಡೆಯಿತು. ಅದರ ಫಲವಾಗಿ ಸಿಕ್ಕ ಮೊದಲ ಆಯ್ಕೆಯಲ್ಲಿ ಆಸ್ಟನ್ ಮ್ಯಾಥ್ಯೂಸ್ ಬಂದರು. 2018ರ ಮೇನಲ್ಲಿ ಡೂಬಸ್ ಸ್ವತಃ ಜನರಲ್ ಮ್ಯಾನೇಜರ್ ಆದರು. ಈಗ ಅಂಕಿ ನಂಬುವವರ ಕೈಗೇ ಬೀಗದ ಕೈ ಬಂತು.

ಅವರು ದೊಡ್ಡದೊಂದು ಪಂದ್ಯ ಕಟ್ಟಿದರು. ಟವಾರೆಸ್, ಮ್ಯಾಥ್ಯೂಸ್, ಮಾರ್ನರ್, ನೈಲ್ಯಾಂಡರ್ ಎಂಬ ನಾಲ್ವರಿಗೆ ಸೇರಿಸಿ ವರ್ಷಕ್ಕೆ ಸುಮಾರು 4.05 ಕೋಟಿ ಡಾಲರ್. ಮಿತಿ ಆಗ 8.15 ಕೋಟಿ. ಅಂದರೆ ಅರ್ಧ ಹಣ ನಾಲ್ವರಿಗೆ, ಉಳಿದರ್ಧ ಸುಮಾರು ಹತ್ತೊಂಬತ್ತು ಜನರಿಗೆ. ಮಿತಿ ವರ್ಷ ವರ್ಷ ಏರುತ್ತಾ ಬಂದಿತ್ತು, ಹಾಗೇ ಏರಿದರೆ ಈ ನಾಲ್ವರ ಪಾಲು ತಾನಾಗಿ ಇಳಿಯುತ್ತಿತ್ತು. ಕೋವಿಡ್ ಬಂತು. ಮಿತಿ 2019–20ರಿಂದ ಮೂರು ಋತು ಅದೇ 8.15 ಕೋಟಿಯಲ್ಲಿ ನಿಂತಿತು. ಕಾಲಶ್ರೇಣಿ ಪಾಠದಲ್ಲಿ ಗೆರೆಯನ್ನು ಮುಂದಕ್ಕೆ ಎಳೆದು ಮುಂದಿನ ವರ್ಷದ ಅಂದಾಜು ಮಾಡುತ್ತೇವಲ್ಲ, ಆ ಗೆರೆಗೆ ಸಾಂಕ್ರಾಮಿಕ ರೋಗ ಗೊತ್ತಿರುವುದಿಲ್ಲ.

ಫಲಿತಾಂಶ ಎರಡು ಥರ. 82 ಪಂದ್ಯಗಳ ಲೀಗ್ ಹಂತದಲ್ಲಿ ತಂಡ ಬಹಳ ಚೆನ್ನಾಗಿ ಆಡಿತು. 2021–22ರಲ್ಲಿ 115 ಅಂಕ, ತಂಡದ ಇತಿಹಾಸದಲ್ಲೇ ಹೆಚ್ಚು. ಮ್ಯಾಥ್ಯೂಸ್ 60 ಗೋಲು ಹೊಡೆದರು. ಆದರೆ ಪ್ಲೇಆಫ್‌ನಲ್ಲಿ 2017ರಿಂದ 2022ರವರೆಗೆ ಪ್ರತಿ ವರ್ಷವೂ ಮೊದಲ ಸರಣಿಯಲ್ಲೇ ಹೊರಗೆ. 2021ರಲ್ಲಂತೂ ಮಾಂಟ್ರಿಯಲ್ ಎದುರು 3–1 ಮುಂದಿದ್ದು ಸೋತರು. 2023ರಲ್ಲಿ ಟ್ಯಾಂಪಾ ಬೇ ವಿರುದ್ಧ ಗೆದ್ದದ್ದು 2004ರ ನಂತರದ ಮೊದಲ ಸರಣಿ ಜಯ. ಮುಂದಿನ ಸರಣಿಯಲ್ಲಿ ಫ್ಲೋರಿಡಾ ಎದುರು ಸೋಲು. ಅದೇ ತಿಂಗಳು ಡೂಬಸ್ ಹೊರಹೋದರು, ಆಮೇಲೆ ಪಿಟ್ಸ್‌ಬರ್ಗ್ ಸೇರಿದರು.

ಇದನ್ನು ನೋಡಿ "ಲೆಕ್ಕ ಹಾಕಿ ಏನು ಬಂತು?" ಎನ್ನುವವರು ಬಹಳ. ಭಾಯಿಜಾನ್ ಕೂಡ ಅವರಲ್ಲಿ ಒಬ್ಬರು. ನಾನು ಒಪ್ಪುವುದಿಲ್ಲ. ಏಳು ಪಂದ್ಯಗಳ ಸರಣಿ ಎಂದರೆ ಏಳರ ಮಾದರಿ. ಅಷ್ಟು ಚಿಕ್ಕ ಮಾದರಿಯಲ್ಲಿ ಒಬ್ಬ ಬಿಸಿ ಗೋಲಿ ಎಲ್ಲ ಅಂಕಿಯನ್ನೂ ತಲೆಕೆಳಗೆ ಮಾಡಬಹುದು. ಆದರೆ ಒಂದು ಸಂಶಯ ನನಗೂ ಇದೆ. ಒಮ್ಮೆ ಸೋತರೆ ಚಿಕ್ಕ ಮಾದರಿ, ಎರಡು ಸಲ ಸೋತರೂ ಸರಿ. ಆರು ವರ್ಷ ಸೋತ ಮೇಲೂ ಅದೇ ನಾಲ್ವರ ಯೋಜನೆಯನ್ನು ಬದಲಿಸದೆ ಇಟ್ಟದ್ದು ಅಂಕಿಯ ಮೇಲಿನ ನಂಬಿಕೆಯೋ, ತಮ್ಮ ಮೇಲಿನ ನಂಬಿಕೆಯೋ? ಅಂಕಿ ನಂಬುವವರಿಗೂ ತಮ್ಮದೇ ಬಿಸ್ಕತ್ತಿನ ಸಾಲು ಇರಬಹುದು.

ಹೋಲಿಕೆಗೆ ಕ್ಯಾರೊಲೈನಾ ಹರಿಕೇನ್ಸ್ ತಂಡ ನೋಡಬಹುದು. ಎರಿಕ್ ಟಲ್ಸ್‌ಕಿ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು, ಕ್ಯಾಲಿಫೋರ್ನಿಯಾದಲ್ಲಿ ವಿಜ್ಞಾನಿಯಾಗಿ ಕೆಲಸದಲ್ಲಿದ್ದರು. ಬಿಡುವಿನಲ್ಲಿ ಹಾಕಿ ಲೆಕ್ಕ. ಅವರು ಮತ್ತು ಜೊತೆಗಾರರು ವಿಡಿಯೋ ನೋಡಿ ಕೈಯಲ್ಲೇ ಎಣಿಸಿ, 2013ರಲ್ಲಿ ಒಂದು ಪ್ರಬಂಧ ಮಂಡಿಸಿದರು: ಎದುರಾಳಿಯ ವಲಯಕ್ಕೆ ಪಕ್ ಅನ್ನು ಎಸೆದು ಹಿಂದೆ ಓಡುವುದಕ್ಕಿಂತ, ಕೋಲಿನಲ್ಲಿ ಹಿಡಿದುಕೊಂಡೇ ಒಳಹೋದರೆ ಸುಮಾರು ಎರಡು ಪಟ್ಟು ಹೊಡೆತ ಸಿಗುತ್ತದೆ. ಎಸೆದು ಓಡುವುದೇ ಸುರಕ್ಷಿತ ಎಂದು ಎಷ್ಟೋ ಕೋಚ್‌ಗಳು ಹೇಳಿಕೊಡುತ್ತಿದ್ದ ಕಾಲ ಅದು. ಕ್ಯಾರೊಲೈನಾ ಅವರನ್ನು ಮೊದಲು ಅರೆಕಾಲಿಕವಾಗಿ, 2015ರಿಂದ ಪೂರ್ಣಾವಧಿಗೆ ತೆಗೆದುಕೊಂಡಿತು. 2024ರ ಜೂನ್‌ನಲ್ಲಿ ಅವರೇ ಜನರಲ್ ಮ್ಯಾನೇಜರ್. 2019ರಿಂದ 2025ರವರೆಗೆ ಆ ತಂಡ ಒಂದು ವರ್ಷವೂ ಪ್ಲೇಆಫ್ ತಪ್ಪಿಸಿಕೊಂಡಿಲ್ಲ. ಹಾಗೆಂದು ಆ ಏಳು ವರ್ಷಗಳಲ್ಲಿ ಕಪ್ ಕೂಡ ಬಂದಿಲ್ಲ.

ನಮ್ಮ ಕ್ಲಾಸಿನ ಹುಡುಗಿಯರಿಗಾಗಿ ಎರಡು ಹೆಸರು. ಸಿಯಾಟಲ್ ಕ್ರಾಕೆನ್ ತಂಡ 2021ರಲ್ಲಿ ಮೊದಲ ಪಂದ್ಯ ಆಡಿತು. ಅದಕ್ಕೆ ಎರಡು ವರ್ಷ ಮುಂಚೆಯೇ, ಒಬ್ಬ ಆಟಗಾರನೂ ಇಲ್ಲದಿದ್ದಾಗ, ಅಲೆಕ್ಸಾಂಡ್ರಾ ಮ್ಯಾಂಡ್ರಿಕಿ ಅವರನ್ನು ನೇಮಿಸಿಕೊಂಡಿತ್ತು. ಹಾಕಿ ಅಂಕಿಗಳ ಒಂದು ಜಾಲತಾಣ ಕಟ್ಟಿದವರಲ್ಲಿ ಒಬ್ಬರು, 2022ರಲ್ಲಿ ಅದೇ ತಂಡದ ಸಹಾಯಕ ಜನರಲ್ ಮ್ಯಾನೇಜರ್ ಆದರು. ಅವರ ವಿಭಾಗಕ್ಕೆ ಸೇರಿದ ನಮಿತಾ ನಂದಕುಮಾರ್ ಸಂಖ್ಯಾಶಾಸ್ತ್ರ ಓದಿದವರು. ನಮ್ಮ ಮನೆಯಲ್ಲಿ ಕಾಮರ್ಸ್ ಎಂದರೆ ಸಿಎ, ಇಲ್ಲದಿದ್ದರೆ ಬ್ಯಾಂಕ್ ಪರೀಕ್ಷೆ, ಇಲ್ಲದಿದ್ದರೆ ಮದುವೆ. ನಾನು ಈ ಇಬ್ಬರ ಫೋಟೋ ಅಮ್ಮಿಗೆ ತೋರಿಸಿದೆ. "ಇವರಿಗೆ ಸಂಬಳ ಎಷ್ಟು?" ಎಂದರು. ಅದೂ ಒಳ್ಳೆಯ ಪ್ರಶ್ನೆಯೇ.

ಲೆಕ್ಕಶಾಸ್ತ್ರದವರೂ ಬೇಸರಪಡಬೇಕಿಲ್ಲ. ಪ್ರತಿ ಆಟಗಾರನ ಒಪ್ಪಂದ, ಪ್ರತಿ ತಂಡದ ಮಿತಿಯ ಬಾಕಿಯನ್ನು ಎಲ್ಲರಿಗೂ ತೋರಿಸುತ್ತಿದ್ದ ಕ್ಯಾಪ್‌ಫ್ರೆಂಡ್ಲಿ ಎಂಬ ಜಾಲತಾಣವಿತ್ತು. 2024ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡ ಅದನ್ನು ಕೊಂಡುಕೊಂಡು ಸಾರ್ವಜನಿಕರಿಗೆ ಮುಚ್ಚಿತು. ಆಟಗಾರನನ್ನು ಕೊಳ್ಳುವುದು ಕೇಳಿದ್ದೆವು, ಇದು ಖಾತೆಪುಸ್ತಕವನ್ನೇ ಕೊಂಡದ್ದು.

ಕೊನೆಗೆ ಆ ಸೋಮವಾರ ಬೆಳಗಿನ ಫ್ಲೋರಿಡಾ ತಂಡ. ಅದು 2024ರಲ್ಲೂ ಕಪ್ ಗೆದ್ದಿತ್ತು, ಟೊರಾಂಟೊವನ್ನು ಸೋಲಿಸಿ ಮುಂದೆ ಹೋಗಿ 2025ರಲ್ಲೂ ಗೆದ್ದಿತು. ಆಗ ಅದರ ಸಹಾಯಕ ಜನರಲ್ ಮ್ಯಾನೇಜರ್ ಆಗಿದ್ದವರು ಸನ್ನಿ ಮೆಹ್ತಾ. ಆಪ್ಷನ್ಸ್ ವ್ಯಾಪಾರ, ಪೋಕರ್, ಸಂಗೀತ ಎಲ್ಲ ಮಾಡಿ, ಅದೇ 2014ರ ಬೇಸಿಗೆಯಲ್ಲಿ ನ್ಯೂಜೆರ್ಸಿ ಡೆವಿಲ್ಸ್ ತಂಡಕ್ಕೆ ಅಂಕಿ-ಅಂಶ ವಿಭಾಗದ ಮುಖ್ಯಸ್ಥರಾಗಿ ಹಾಕಿಗೆ ಬಂದವರು. ನಾನು ಇದನ್ನು ಭಾಯಿಜಾನ್‌ಗೆ ಮೆಸೇಜ್ ಮಾಡಿದೆ. ಎರಡು ನೀಲಿ ಟಿಕ್ ಬಂತು. ಉತ್ತರ ಮಾರನೇ ದಿನ ಬಂತು: "ಅವರ ಗೋಲಿಯೂ ಚೆನ್ನಾಗಿದ್ದ."